ಗಂಟೆಯಮ್ಮನ ಹಿಡಿ

ಗಂಟೆಯಮ್ಮನ ಬಲಗೈ ಎಡಗೈಗಿಂತ ದೊಡ್ಡದಾಗಿತ್ತು. ಬಾಯಿಮಾತಿಗೆ ಹೇಳುತ್ತಿಲ್ಲ, ಭಾನುವಾರದ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ನಾನೇ ಅವರ ಎರಡೂ ಅಂಗೈ ಜೋಡಿಸಿ ನೋಡಿದ್ದೇನೆ. ಬಲಗೈ ಬೆರಳುಗಳು ಎಡಗೈಯವನ್ನು ದಾಟಿ ಒಂದು ಉಗುರಿನಷ್ಟು ಮುಂದೆ ಬರುತ್ತಿದ್ದವು. ಅಂಗೈಯಂತೂ ಮಣೆಯಷ್ಟು ಗಟ್ಟಿ. ಹಿಪ್ಪುನೇರಳೆ ಸೊಪ್ಪು ಕೊಯ್ದು ಕೊಯ್ದು ತೋರುಬೆರಳಿನ ಪಕ್ಕದಲ್ಲಿ ಒಂದು ಕಪ್ಪು ಗೆರೆ ಉಳಿದುಬಿಟ್ಟಿತ್ತು, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಆ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು ನಮ್ಮೂರಲ್ಲಿ ಈಗಲೂ ಬಹಳ ಮಂದಿ ಇದ್ದಾರೆ. ಅವರಲ್ಲಿ ನಾನೂ ಒಬ್ಬ.

ನಮ್ಮೂರು ಹನೂರಿನಿಂದ ಹೂಗ್ಯಂ ಕಡೆಗೆ ಹೋಗುವ ಬಸ್ಸಿನ ದಾರಿಯಲ್ಲಿದೆ. ಇಪ್ಪತ್ತೈದು ಮೂವತ್ತು ಮನೆಗಳ ಮೆಥೋಡಿಸ್ಟ್ ಸಭೆ ನಮ್ಮದು. ದೇವಾಲಯವೆಂದರೆ ನಾಲ್ಕು ಕಲ್ಲುಗೋಡೆ, ಮೇಲೆ ಶೀಟು, ಮುಂದೆ ಒಂದು ಹೊಂಗೆ ಮರ. ಮರದ ಕೊಂಬೆಗೆ ರೈಲು ಹಳಿಯ ತುಂಡೊಂದನ್ನು ತೂಗುಹಾಕಿದ್ದೇವೆ. ನಮ್ಮ ಗಂಟೆ ಅದೇ. ಅದನ್ನು ಕಬ್ಬಿಣದ ಸಲಾಕೆಯಿಂದ ಬಾರಿಸುವ ಕೆಲಸ ಗಂಟೆಯಮ್ಮನದು. ಮೊದಲು ಅವರ ಗಂಡ ಬಾರಿಸುತ್ತಿದ್ದರು. ಅವರು ತೀರಿಕೊಂಡ ಮುಂದಿನ ಭಾನುವಾರವೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಈಕೆ ಸಲಾಕೆ ಹಿಡಿದರಂತೆ. ಯಾರೂ ಹೇಳಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ಬೇಡವೆನ್ನುವ ಧೈರ್ಯ ಯಾರಿಗಿತ್ತು!

ನಮ್ಮಲ್ಲಿ ಹಿಡಿ ರಾಗಿ ಎಂದು ಒಂದು ಪದ್ಧತಿ. ಮನೆಯ ಹೆಂಗಸರು ಹಿಟ್ಟು ಬೀಸಿಸಲು ರಾಗಿ ತೆಗೆಯುವಾಗಲೆಲ್ಲ ಒಂದು ಹಿಡಿಯನ್ನು ದೇವರಿಗೆಂದು ಬೇರೆ ಗಡಿಗೆಯಲ್ಲಿ ಹಾಕಿಡಬೇಕು. ಶನಿವಾರ ಬೆಳಿಗ್ಗೆ ಗಂಟೆಯಮ್ಮ ಎಣ್ಣೆಯ ಹಳೇ ಡಬ್ಬ ಹಿಡಿದು ಮನೆಮನೆಗೆ ಬರುತ್ತಿದ್ದರು. ಕೂಡಿದ ರಾಗಿಯನ್ನು ಮಾರಿ ದೀಪದ ಎಣ್ಣೆ, ಸುಣ್ಣ, ಕರೆಂಟಿನ ಬಿಲ್ಲು ಎಲ್ಲಾ ನಡೆಯುತ್ತಿತ್ತು. ಯಾರ ಗಡಿಗೆಯಲ್ಲಿ ಎಷ್ಟಿರಬೇಕೆಂಬುದು ಅವರಿಗೆ ಕಣ್ಣಳತೆಯಲ್ಲೇ ಗೊತ್ತಾಗುತ್ತಿತ್ತು. ಕಡಿಮೆ ಕಂಡರೆ ಬೀದಿಗೇ ಕೇಳುವ ಹಾಗೆ, "ಇದೇನಮ್ಮಿ, ಹಿಡಿನೋ ಚಿಟಿಕೆನೋ? ದೇವ್ರೇನು ನಶ್ಯ ಏರಿಸ್ತಾನಾ?" ಎಂದು ಕೇಳುತ್ತಿದ್ದರು. ನನ್ನ ಹೆಂಡತಿ ಮದುವೆಯಾಗಿ ಬಂದ ಹೊಸದರಲ್ಲಿ ಈ ಮಾತು ಕೇಳಿ ಒಳಗೆ ಹೋಗಿ ಅತ್ತಿದ್ದಳು. ಆಮೇಲೆ ಅವಳ ಹಿಡಿ ದೊಡ್ಡದಾಯಿತು. ನಾನು ಹಾಕುವ ದಿನ ಮಾತ್ರ ಅದು ಎಂದಿನಂತೆ ಬೆರಳ ತುದಿಯಲ್ಲೇ ಉಳಿಯಿತು.

ಹೋದ ವರ್ಷದ ಹಿಂದಿನ ವರ್ಷ, ಪುನರುತ್ಥಾನದ ಹಬ್ಬವಾದ ಈಸ್ಟರ್ ಮುಗಿದ ವಾರವೇ, ಆಲಿಕಲ್ಲು ಮಳೆಯೊಂದಿಗೆ ಬಂದ ಗಾಳಿ ದೇವಾಲಯದ ಶೀಟುಗಳನ್ನು ಕಿತ್ತು ಜೋಳದ ಹೊಲಕ್ಕೆ ಎಸೆಯಿತು. ತೊಲೆಗಳೂ ಗೆದ್ದಲು ತಿಂದಿದ್ದವೆಂದು ಆಗ ತಿಳಿಯಿತು. ಸುತ್ತಲಿನ ಸಭೆಗಳ ಮೇಲ್ವಿಚಾರಕರು ಕಾರಿನಲ್ಲಿ ಬಂದು ನೋಡಿ ನಿಟ್ಟುಸಿರುಬಿಟ್ಟು ಹೋದರು. ಹದಿನೈದು ದಿನಕ್ಕೆ ಅವರ ಕಚೇರಿಯಿಂದ ಕಾಗದ ಬಂತು. ಕ್ರಿಸ್‌ಮಸ್‌ ಒಳಗೆ ಸೂರು ಆಗದಿದ್ದರೆ ಹೊಸ ವರ್ಷದಿಂದ ನಮ್ಮ ಸಭೆಯನ್ನು ಹನೂರಿನ ಸಭೆಗೆ ಸೇರಿಸಲಾಗುವುದು, ಇದಕ್ಕೆ ಸಭೆಯವರ ಒಪ್ಪಿಗೆ ಬರೆದು ಕಳಿಸತಕ್ಕದ್ದು ಎಂದಿತ್ತು.

ಸಭೆಯ ಕಾರ್ಯದರ್ಶಿ ನಾನು. ಹನೂರಿನಲ್ಲಿ ಗುಮಾಸ್ತನ ಕೆಲಸ. ಇಪ್ಪತ್ತೆರಡು ವರ್ಷದಿಂದ ಮೇಲಿನಿಂದ ಬಂದ ಕಾಗದಕ್ಕೆಲ್ಲ ಒಪ್ಪಿಗೆ ಬರೆದು ಅಭ್ಯಾಸವಾದ ಕೈ. ಹತ್ತು ನಿಮಿಷದಲ್ಲಿ ದುಂಡಗಿನ ಅಕ್ಷರದಲ್ಲಿ ಒಪ್ಪಿಗೆ ಬರೆದು, ಸಹಿ ಹಾಕಿ, ಲಕೋಟೆಗೆ ಅಂಟು ಹಚ್ಚುತ್ತಿದ್ದೆ. ನಾಚಿಕೆಯ ಮಾತು, ಆದರೂ ಹೇಳಿಬಿಡುತ್ತೇನೆ: ಯಾರನ್ನೂ ಕೇಳಿರಲಿಲ್ಲ. ಅಷ್ಟರಲ್ಲಿ ಗಂಟೆಯಮ್ಮ ಬಂದು ಜಗುಲಿಯ ಮೇಲೆ ಕುಳಿತರು. ಸುದ್ದಿ ಹೇಗೆ ಮುಟ್ಟಿತೋ ಕಾಣೆ.

"ಏನ್ಲಾ ಬರ್ದಿದ್ದೀಯೆ? ಓದು, ಕೇಳ್ತೀನಿ."

ಓದಿದೆ. "ಸಭೆಯವರೆಲ್ಲರೂ ಸಂತೋಷದಿಂದ ಒಪ್ಪಿರುತ್ತೇವೆ" ಎಂಬಲ್ಲಿ ಕೈ ಎತ್ತಿ ನಿಲ್ಲಿಸಿದರು.

"ಸಂತೋಷ ಯಾರ್ಗಾಯ್ತಂತೆ? ನಿಂಗಾಯ್ತಾ?"

"ಹಂಗಲ್ಲಮ್ಮ, ಮೇಲಿನವರು ಹೇಳಿದ ಮೇಲೆ ನಾವು..."

"ಅವ್ರು ಏಳ್ತಾರೆ ಕಣ್ಲಾ, ಏಳೋದು ಅವ್ರ ಕೆಲ್ಸ. ನಡಿಯಾಕಾಗ್ದೆ ಇರೋ ಮುದ್ಕೀರು ಬಸ್ ಅತ್ತಿ ಹನೂರ್ಗೆ ಓಗಿ ಪ್ರಾರ್ಥನೆ ಮಾಡ್ತಾರಾ? ಸತ್ತೋರ್ನ ಎಲ್ಲಿಗೆ ಒತ್ಕಂಡೋಗ್ತೀಯೆ? ನನ್ ಗಂಡ ಇಲ್ಲೇ ದೇವಾಲ್ಯದ ಗ್ವಾಡೆ ಇಂದೆ ಮಲಗವ್ನೆ. ಅವ್ನ ಕಿವಿಗೆ ಭಾನ್ವಾರ ಗಂಟೆ ಬೀಳ್ಬೇಕು."

ನಾನು ಆ ಕಾಗದವನ್ನು ಮಡಚಿ ಪಕ್ಕಕ್ಕಿಟ್ಟೆ.

"ಒಪ್ಪಿಲ್ಲ ಅಂತ ಬರಿ. ಬ್ಯಾರೆ ಕಾಗ್ದ ಇಲ್ವಾ? ನಾನ್ ತರ್ಲಾ?"

ಬರೆದೆ. ಎರಡು ಹಾಳೆ ಕೆಟ್ಟವು. "ದಯವಿಟ್ಟು", "ಕ್ಷಮಿಸಬೇಕು", "ತಮ್ಮ ಪಾದಗಳಿಗೆ" ಎಂದೆಲ್ಲ ಸೇರಿಸಿ ಒಪ್ಪಿಲ್ಲವೆಂಬ ಒಂದು ಮಾತನ್ನು ಹೇಳಲು ಒಂದು ಪುಟವೇ ಬೇಕಾಯಿತು. ಗಂಟೆಯಮ್ಮ ಅದನ್ನು ಓದಿಸಿ ಕೇಳಿ, "ಇಷ್ಟುದ್ದ ಯಾಕ್ಲಾ? ಓಗ್ಲಿ ಬುಡು, ಮೊದಲ್ನೇ ಸಾರಿ" ಎಂದು ಎದ್ದು ಹೋದರು.

ಆ ವರ್ಷ ನಾವು ಮಾಡದ ಕೆಲಸವಿಲ್ಲ. ಆರಾಧನೆ ಹೊಂಗೆ ಮರದ ಕೆಳಗೆ ನಡೆಯಿತು. ವಾರಕ್ಕೆರಡು ಸಲ ಹಾಕುತ್ತಿದ್ದ ಹಿಡಿ ರಾಗಿ ದಿನಕ್ಕೊಂದು ಹಿಡಿಯಾಯಿತು. ಸ್ತ್ರೀ ಸಂಘದ ಹೆಂಗಸರು ಗುಂಪು ಕಟ್ಟಿಕೊಂಡು ಕಂಡವರ ಕಡಲೆಕಾಯಿ ಹೊಲದಲ್ಲಿ ಕಳೆ ಕಿತ್ತು, ಕೂಲಿಯನ್ನು ಸೂರಿಗೆ ಕೊಟ್ಟರು. ಮಕ್ಕಳಿಗೆ ಬೈಬಲ್ ಕಲಿಸುವ ಬೇಸಿಗೆ ವೇದಶಾಲೆಯ ಕೊನೆಯ ದಿನ ನಾಟಕವಾಡಿಸಿ ಒಡೆಯರಪಾಳ್ಯದ ನಿರಾಶ್ರಿತರ ಶಿಬಿರದ ಟಿಬೆಟಿನವರನ್ನೂ ಕರೆದೆವು. ಅವರು ನಮ್ಮ ಮಾತು ಅರ್ಧ ತಿಳಿಯದಿದ್ದರೂ ಪೂರ್ತಿ ಕುಳಿತು ನೋಡಿ ಕಾಣಿಕೆ ಹಾಕಿ ಹೋದರು. ಹನೂರಿನ ಸಂತೆಯಲ್ಲಿ ಕಜ್ಜಾಯ ಮಾರಿದೆವು. ಮೊದಲ ವಾರದ ಪಾಕ ಕೆಟ್ಟು ಕಜ್ಜಾಯಗಳು ಕಲ್ಲಾಗಿದ್ದವು. ಗಂಟೆಯಮ್ಮ ಜಗ್ಗಲಿಲ್ಲ. "ಗಟ್ಟಿ ಕಜ್ಜಾಯ, ತಿಂಗ್ಳು ಮಡಿಕಂಡ್ರೂ ಕೆಡಾಕಿಲ್ಲ, ಬನ್ನಿ" ಎಂದು ಕೂಗಿ ಅಷ್ಟನ್ನೂ ಮಾರಿಬಿಟ್ಟರು. ಮುಂದಿನ ವಾರ ಕೊಂಡವರು ಜಗಳಕ್ಕೆ ಬಂದಾಗ, "ಅಲ್ಲು ಗಟ್ಟಿ ಆಯ್ತಾ ಇಲ್ವಾ?" ಎಂದು ಕೇಳಿ ಅವರಿಗೇ ಮತ್ತೊಂದಷ್ಟು ಮಾರಿದರು.

ಮೇಲಿನ ಕೇರಿಯ ಗೌಡರ ಮನೆಯವರು ನಮ್ಮ ಸಭೆಯವರಲ್ಲ. ಅವರ ಮನೆಯ ಹೆಂಗಸು ಒಂದು ಶನಿವಾರ ಮೊರದ ತುಂಬ ರಾಗಿ ತಂದು ಗಂಟೆಯಮ್ಮನ ಡಬ್ಬಕ್ಕೆ ಸುರಿದರು. "ನಿಮ್ ಗಂಟೆ ಕೇಳ್ಕಂಡೇ ಕಣಮ್ಮ ನಾನು ಭಾನ್ವಾರದ ಕೆಲ್ಸ ಮಾಡೋದು. ಅದು ನಿಂತೋದ್ರೆ ನಂಗೆ ದಿಕ್ಕು ತಪ್ಪೋಯ್ತದೆ" ಎಂದರು. ಗಂಟೆಯಮ್ಮ ಅಳುವ ಜಾತಿಯಲ್ಲ. ಅವತ್ತು ಮಾತ್ರ ಮೂಗು ಒರೆಸಿಕೊಂಡದ್ದನ್ನು ನಾನು ನೋಡಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಯೋಗ ಕೂಡಿಬಂತು. ಕೊಳ್ಳೇಗಾಲದಲ್ಲಿ ಕಂಟ್ರಾಕ್ಟರಾಗಿ ದೊಡ್ಡವರಾದ ನಮ್ಮೂರಿನವರೊಬ್ಬರು ಬಂದು ಇಡೀ ಸೂರನ್ನು ತಾವೇ ಮಾಡಿಸಿಕೊಡುವುದಾಗಿ ಹೇಳಿದರು. ಒಂದೇ ಒಂದು ಬೇಡಿಕೆ: ಬಾಗಿಲ ಮೇಲೆ ಅವರ ತಂದೆಯ ಹೆಸರು ಕೆತ್ತಿದ ಕಲ್ಲು. ನಾನು ಎದ್ದು ನಿಂತು ಕೈ ಮುಗಿದೆ. ಕಮಿಟಿಯವರೆಲ್ಲ ಮುಗಿದರು. ಗಂಟೆಯಮ್ಮ ಮಾತ್ರ ಮರದ ಬುಡದಲ್ಲಿ ಕುಳಿತೇ ಕೇಳಿದರು.

"ನಿಮ್ಮಪ್ಪ ಒಳ್ಳೆ ಮನ್ಸ ಕಣಪ್ಪಾ. ನಾನ್ ಕಂಡಿವ್ನಿ. ಆದ್ರೆ ರಾಗಿ ಆಕ್ದೋರ ಹೆಸ್ರು ಎಲ್ಲಿ ಬರ್ಸಾದು? ಕಳೆ ಕಿತ್ತೋರ್ದು? ಅವ್ರ್ದೂ ಆಕ್ಸು, ಆಮೇಲೆ ನಿಮ್ಮಪ್ಪಂದು. ಇಲ್ದಿದ್ರೆ ನೀನೂ ಎಲ್ರಂಗೆ ಕೊಟ್ಟು ಸುಮ್ಕಿರು."

ಅವರು ಮುಖ ಕೆಂಪಗೆ ಮಾಡಿಕೊಂಡು ಹೊರಟುಹೋದರು. ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದ ತುತ್ತನ್ನು ಕೈಯಾರೆ ತಳ್ಳಿದಿರಲ್ಲ, ನಿಮ್ಮ ಹಟಕ್ಕೆ ಸಭೆಯೇ ಮುಚ್ಚಿಹೋಗುತ್ತದೆ ಎಂದು ಕೂಗಾಡಿದೆ. ಅವರು ನನ್ನ ಕೂಗು ಮುಗಿಯುವವರೆಗೂ ಕಾದು, "ಕೂಗಾಕೆ ಬತ್ತದೆ ನಿಂಗೆ. ಒಳ್ಳೇದಾಯ್ತು, ಸುಗ್ಗಿ ಹಬ್ಬದ ಹರಾಜ್ನ ನೀನೇ ಕೂಗು" ಎಂದರು. ನಾನು ಮೂರು ವಾರ ಅವರೊಂದಿಗೆ ಮಾತಾಡಲಿಲ್ಲ. ಮೂರು ಶನಿವಾರವೂ ಅವರು ಬಂದು, ನನ್ನ ಹೆಂಡತಿಯಿಂದ ರಾಗಿ ತೆಗೆದುಕೊಂಡು, ನನ್ನ ಮುಂದೆಯೇ ಹಾಡು ಗುನುಗುತ್ತಾ ಹೋದರು.

ಸುಗ್ಗಿ ಹಬ್ಬಕ್ಕೆ ಮನೆಮನೆಯಿಂದ ಬೆಳೆ ತಂದು ದೇವರ ಮುಂದೆ ಇಟ್ಟು, ಆರಾಧನೆಯ ನಂತರ ಹರಾಜು ಹಾಕುವುದು ವಾಡಿಕೆ. ನಮ್ಮೂರಲ್ಲಿ ಅದಕ್ಕೊಂದು ಕಟ್ಟಳೆ ಇದೆ. ಒಂದು ಕುಂಬಳಕಾಯಿಯನ್ನು ಹರಾಜಿನಲ್ಲಿ ಕೂಗಿಕೊಂಡವರು ಹಣ ಕೊಟ್ಟು ಅದನ್ನು ಮತ್ತೆ ದೇವರ ಮುಂದೆಯೇ ಇಡಬೇಕು. ಇನ್ನೊಬ್ಬರು ಕೂಗುತ್ತಾರೆ, ಅವರೂ ಇಡುತ್ತಾರೆ. ಅದೇ ಕಾಯಿ ಸಂಜೆಯವರೆಗೆ ಹತ್ತಾರು ಸಲ ಮಾರಾಟವಾಗುತ್ತದೆ. ಕೊನೆಗೆ ಅದನ್ನು ಕೊಯ್ದು ಎಲ್ಲರಿಗೂ ಹುಳಿ ಮಾಡಿ ಬಡಿಸುತ್ತಾರೆ. ಹಾಗೆ ಇಡೀ ಹರಾಜು ನಿಂತಿರುವುದೇ ಆ ಒಂದು ಕಾಯಿಯ ಮೇಲೆ.

ಆ ವರ್ಷ ಮೇಲ್ವಿಚಾರಕರೇ ಅತಿಥಿ. ಕಾಯಿಯನ್ನು ಮೊದಲು ಕೂಗಿಕೊಂಡವರೂ ಅವರೇ, ಒಳ್ಳೆಯ ಬೆಲೆಗೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಪಾಪ, ಅವರಿಗೆ ನಮ್ಮ ಕಟ್ಟಳೆ ಗೊತ್ತಿಲ್ಲ. ಬೇರೊಂದು ಕಡೆ ಪ್ರಾರ್ಥನೆ ಇದೆಯೆಂದು ಊಟಕ್ಕೂ ನಿಲ್ಲದೆ ಹೊರಟು, "ಕಾಯಿ ಬಹಳ ಚೆನ್ನಾಗಿದೆ, ಮನೆಯಲ್ಲಿ ಖುಷಿಪಡುತ್ತಾರೆ" ಎಂದರು. ಹೇಳಬೇಕಾದವನು ನಾನು. ನಾನೇನು ಮಾಡಿದೆ ಗೊತ್ತೆ? ಕಾಯಿಯನ್ನು ಹೆಗಲ ಮೇಲೆ ಹೊತ್ತು ತಂದು, ನನ್ನ ಕೈಯಾರೆ ಅವರ ಕಾರಿನ ಡಿಕ್ಕಿಯಲ್ಲಿಟ್ಟು, ಉರುಳದಿರಲೆಂದು ನನ್ನ ಟವಲನ್ನೂ ಒತ್ತು ಕೊಟ್ಟೆ! ಸಭೆಯವರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಕಾರು ಹೊರಡುವಷ್ಟರಲ್ಲಿ ಅದರ ಮುಂದೆ ಗಂಟೆಯಮ್ಮ ನಿಂತಿದ್ದರು, ಕೈಯಲ್ಲಿ ಗಂಟೆಯ ಸಲಾಕೆ.

"ಅಯ್ನೋರೇ, ಒಸಿ ಡಿಕ್ಕಿ ತೆಗೀರಿ. ನಮ್ ಕಾಯಿ ಒಳ್ಗದೆ."

"ಹಣ ಕೊಟ್ಟು ತಗೊಂಡಿದ್ದಲ್ಲವೇನಮ್ಮ?"

"ಕೊಟ್ರಿ, ದೇವ್ರು ನಿಮ್ಗೆ ಒಳ್ಳೇದ್ ಮಾಡ್ಲಿ. ಆದ್ರೆ ಇಲ್ಲಿ ಕೂಗ್ದೋರು ಮನೆಗೆ ಒಯ್ಯಾಕಿಲ್ಲ, ತಿರ್ಗಾ ದೇವ್ರ ಮುಂದೆ ಮಡುಗ್ತಾರೆ. ಆ ಕಾಯ್ನಲ್ಲಿ ಇನ್ನೂ ನಾಕು ಶೀಟವೆ. ನೀವು ಅದ್ನ ಉಳಿ ಮಾಡ್ಕಂಡ್ರೆ, ಕ್ರಿಸ್ಮಸ್ನಾಗೆ ನಾವು ಮಳೇಲಿ ನೆನೀಬೇಕಾಯ್ತದೆ."

ಮೇಲ್ವಿಚಾರಕರು ಕಾರಿನಿಂದ ಇಳಿದು, ಕಾಯಿಯನ್ನು ತಾವೇ ಎತ್ತಿಕೊಂಡು ಹೋಗಿ ದೇವರ ಮುಂದೆ ಇಟ್ಟು, ಚಾಪೆಯ ಮೇಲೆ ಕುಳಿತುಬಿಟ್ಟರು. ಇನ್ನೊಂದು ಸಲ ಕೂಗಿದರು ಕೂಡ. ಅವರು ಒಳ್ಳೆಯವರು. ಅವತ್ತು ಆ ಕಾಯಿ ಹತ್ತೊಂಬತ್ತು ಸಲ ಮಾರಾಟವಾಯಿತು. ಹರಾಜು ಕೂಗಿದವನು ನಾನೇ, ಗಂಟಲು ಕಟ್ಟಿ ಮೂರು ದಿನ ಮಾತು ಹೊರಡಲಿಲ್ಲ.

ಆದರೂ ಕ್ರಿಸ್‌ಮಸ್‌ ಹೊತ್ತಿಗೆ ಮುಕ್ಕಾಲು ಸೂರಷ್ಟೇ ಆಯಿತು. ಹಿಂದಿನ ಎರಡು ಸಾಲಿನ ಮೇಲೆ ಬರೀ ತೊಲೆ, ಆಚೆಗೆ ಆಕಾಶ. ಗಂಟೆ ಬಾರಿಸಿ ಬಂದ ಗಂಟೆಯಮ್ಮ ಸೀದಾ ಹೋಗಿ ಆ ಬಯಲಿನಲ್ಲೇ ಕುಳಿತರು. ಹನಿ ಬೀಳುತ್ತಿತ್ತು. ಒಳಗೆ ಬನ್ನಿ ಎಂದು ಕರೆದೆ. "ನಾನ್ ಒಳ್ಗೇ ಇವ್ನಿ ಕಣ್ಲಾ. ಹೊಸ್ಲು ದಾಟಿಲ್ವಾ?" ಎಂದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದರು. ಹೊಸ ವರ್ಷ ಬಂತು. ಸಭೆ ಮುಚ್ಚಿ ಎಂಬ ಕಾಗದವೂ ಬರಲಿಲ್ಲ, ಮುಚ್ಚಬೇಡಿ ಎಂಬ ಕಾಗದವೂ ಬರಲಿಲ್ಲ. ನಾವು ಕೇಳಲೂ ಇಲ್ಲ.

ಫೆಬ್ರವರಿಯಲ್ಲಿ ಅವರಿಗೆ ಜ್ವರ ಬಂತು. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದರು. ನೋಡಲು ಹೋದಾಗ ಆ ದೊಡ್ಡ ಕೈಗೆ ಸೂಜಿ ಚುಚ್ಚಿ ಪಟ್ಟಿ ಕಟ್ಟಿದ್ದರು. "ಶನ್ವಾರ ಯಾರ್ ಓಗಿದ್ರು ರಾಗಿಗೆ?" ಎಂದರು. ಯಾರೂ ಹೋಗಿರಲಿಲ್ಲ. ನಾನು ಹಾಸಿಗೆಯ ಹೊದಿಕೆ ಸರಿಪಡಿಸಿದೆ, ಅವರು ಮುಖ ತಿರುಗಿಸಿಕೊಂಡರು. ಅದೇ ಕೊನೆ. ಆ ಮುಖ ತಿರುಗಿಸಿಕೊಂಡದ್ದು ನನ್ನನ್ನು ಇನ್ನೂ ಬಿಟ್ಟಿಲ್ಲ.

ಗೋಡೆಯ ಹಿಂದೆ ಗಂಡನ ಪಕ್ಕದಲ್ಲೇ ಮಣ್ಣು ಮಾಡಿದೆವು. ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಿದರು. ನನ್ನ ಸರದಿ ಬಂದಾಗ ಎಂದಿನಂತೆ ಬೆರಳ ತುದಿಯಲ್ಲಿ ಚೂರು ಮಣ್ಣೆತ್ತಿದೆ. ಕೂಡಲೇ ಅದನ್ನು ಕೆಳಗೆ ಬಿಟ್ಟು, ಕೂತು, ಕೈ ತುಂಬ ಬಾಚಿಕೊಂಡೆ.

ಆ ವಾರವೇ ಕಚೇರಿಯಿಂದ ಕಾಗದ ಬಂತು. ಸೂರು ಪೂರ್ತಿಯಾಗಿಲ್ಲ, ಗಂಟೆ ನೋಡಿಕೊಳ್ಳುತ್ತಿದ್ದವರೂ ಈಗ ಇಲ್ಲ, ಹನೂರಿಗೆ ಸೇರುವ ವಿಷಯದಲ್ಲಿ ಸಭೆಯವರ ಒಪ್ಪಿಗೆ ಮತ್ತೊಮ್ಮೆ ಕೋರಲಾಗಿದೆ. ಜಗುಲಿಯ ಮೇಲೆ ಕುಳಿತು ಓದಿದೆ. ಈ ಸಲ ಮನೆಮನೆಗೂ ಹೋಗಿ ಓದಿ ಹೇಳಿದೆ. ಸೇರುವುದು ಬೇಡವೆಂದೇ ಎಲ್ಲರೂ ಅಂದರು. ವಾಪಸು ಬಂದು ಹೊಸ ಹಾಳೆ ತೆಗೆದುಕೊಂಡೆ. ದಯವಿಟ್ಟು ಎನ್ನಲಿಲ್ಲ, ಕ್ಷಮಿಸಬೇಕು ಎನ್ನಲಿಲ್ಲ.

"ನಾವು ಒಪ್ಪಿಲ್ಲ."

ಕೆಳಗೆ ಸಹಿ ಹಾಕಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಮರುದಿನ ಶನಿವಾರ. ಗಂಟೆಯಮ್ಮನ ಮನೆಗೆ ಹೋಗಿ ಎಣ್ಣೆ ಡಬ್ಬ ತೆಗೆದುಕೊಂಡು, ಮೊದಲ ಮನೆಯ ಮುಂದೆ ನಿಂತು, ಹಿಡಿ ರಾಗಿ ತನ್ನಿ ಎಂದು ಬೀದಿಗೇ ಕೇಳುವ ಹಾಗೆ ಕೂಗಿದೆ.