ಬಂಡೆಯೊಳಗೆ ಮೊದಲೇ ಕೇಳಿದ ಸದ್ದು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಕ್ಕವನು ನಾನು. ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ. ನನ್ನ ನಾಚಿಕೆಗೆ ಕಾರಣ ಬೇರೆಯೇ ಇದೆ.

ಪೆರಿಯಾರ್ ನದಿಯ ನೀರು ತರಲು ಬೆಟ್ಟದಲ್ಲಿ ಸುರಂಗ ಕೊರೆಯುತ್ತಿದ್ದ ಕಾಲ. ಆ ಕೆಲಸಕ್ಕೆ ಹೋಗಿಬಂದ ನನ್ನ ಸೋದರಮಾವ, ನನಗೆ ಹೆಣ್ಣು ಕೊಟ್ಟವರೂ ಅವರೇ, ಕಲ್ಲಿಗೆ ಮದ್ದಿಟ್ಟು ಸಿಡಿಸುವುದನ್ನು ಕಲಿತು ಓಡೈಪಟ್ಟಿಯ ಹೊಲದಲ್ಲಿ ಬಾವಿ ತೋಡಿಸುತ್ತಿದ್ದರು. ಬತ್ತಿ ಹಚ್ಚಿದವನು ಮೇಲೆ ಬಂದು, ಮದ್ದು ಸಿಡಿಯಲಿದೆ ಎಂದು ಎಚ್ಚರಿಸಲು "ವೆಡಿ! ವೆಡಿ!" ಎಂದು ಕೂಗಬೇಕು. ಆ ಕೂಗು ಕಿವಿಗೆ ಬಿದ್ದರೆ ಯಾರು, ಏಕೆ ಎಂದು ಕೇಳದೆ ಎಲ್ಲರೂ ಬಾವಿ ಬಿಟ್ಟು ಓಡಬೇಕು.

ದಿಂಡಿಗಲ್ಲಿನಲ್ಲಿ ನಾಲ್ಕಕ್ಷರ ಕಲಿತಿದ್ದ ನಾನು ಕೂಗಳತೆ ದೂರದಲ್ಲಿ ಬಂಡೆಗೆ ಕಿವಿಯಾನಿಸಿ ಮಲಗುತ್ತಿದ್ದೆ. ಗಾಳಿಗಿಂತ ಕಲ್ಲಿನಲ್ಲಿ ಸದ್ದು ಬೇಗ ಓಡುತ್ತದೆ. ಹಾಗಾಗಿ ಒಂದೇ ಸಿಡಿತ ಎರಡು ಸಲ ಕೇಳುತ್ತದೆ: ಮೊದಲು ಬಂಡೆಯೊಳಗಿಂದ 'ದಂ', ಆಮೇಲೆ ಗಾಳಿಯಲ್ಲಿ. ಇದನ್ನು ಹೆಂಡತಿಗೂ ತೋರಿಸಿ ಜಂಭ ಕೊಚ್ಚಿಕೊಂಡಿದ್ದೆ.

ಅವತ್ತು ಮಧ್ಯಾಹ್ನ ಬತ್ತಿ ಹಚ್ಚಿದರೂ ಮದ್ದು ಸಿಡಿಯಲಿಲ್ಲ. ಬಹಳ ಹೊತ್ತು ಕಾದು, ಆರಿಹೋಗಿರಬೇಕೆಂದು ಮಾವ ಒಬ್ಬರೇ ನೋಡಲು ಇಳಿದರು. ನನ್ನ ಕಿವಿ ಬಂಡೆಯ ಮೇಲೇ ಇತ್ತು. 'ದಂ' ಎಂದಿತು. ನನ್ನ ಹಲ್ಲು ಅದುರಿದವು. ಗಾಳಿಯ ಸದ್ದು ಮಾತ್ರ ಬರಲೇ ಇಲ್ಲ. ನನಗೇನಾಯಿತೋ, "ವೆಡಿ! ವೆಡಿ!" ಎಂದು ಕಿರುಚುತ್ತಾ ಓಡಿದೆ. ಉಟ್ಟ ವೇಷ್ಟಿ ಬಿಚ್ಚಿಹೋಯಿತು. ಜನ ಬಿದ್ದು ಬಿದ್ದು ನಕ್ಕರು.

ಕೂಗು ಕೇಳಿ ಮಾವ ದಡಬಡನೆ ಹತ್ತಿಬಂದರು. "ಯಾವನ್ಲೇ ವೆಡಿ ಅಂದದ್ದು?" ಎಂದು ರೇಗುತ್ತಾ ನಮ್ಮತ್ತ ಬಂದರು. ಅಷ್ಟರಲ್ಲಿ ಅವರ ಬೆನ್ನ ಹಿಂದೆ ಮದ್ದು ಸಿಡಿದು ಬಾವಿ ಹೊಗೆ ಕಾರಿತು.

ಹಾಗಾದರೆ ನಾನು ಮೊದಲು ಕೇಳಿದ್ದೇನು? ಬೆಟ್ಟದ ಕಡೆಯ ಸುರಂಗದ ಸದ್ದು ಬಂಡೆಯೊಳಗೇ ಹರಿದುಬಂತೇ? ಅಷ್ಟು ದೂರದಿಂದ ಬರುವುದಾದರೆ ಉಳಿದ ದಿನ ಏಕೆ ಬರಲಿಲ್ಲ? ಆಮೇಲೆ ಎಷ್ಟೋ ಸಲ ಕಿವಿಯಿಟ್ಟು ನೋಡಿದ್ದೇನೆ, ಏನೂ ಕೇಳಿಲ್ಲ.

ಪೊಂಗಲ್ ಬಂದರೆ ಮಾವ ಮೊದಲ ವೀಳ್ಯ ನನಗೇ ಕೊಡುತ್ತಾರೆ. "ನನ್ ಉಸ್ರು ಉಳ್ಸಿದ ಮಾಪ್ಳೆ ಇವ" ಎಂದು ನೆಂಟರ ಮುಂದೆ ಅಳಿಯನನ್ನು ಹೊಗಳುತ್ತಾರೆ. ನಾನು ತಲೆ ತಗ್ಗಿಸುತ್ತೇನೆ. ಅದನ್ನವರು ವಿನಯ ಎಂದುಕೊಂಡಿದ್ದಾರೆ.

ಒಮ್ಮೆ ಹೆಂಡತಿ ಮೆಲ್ಲಗೆ ಕೇಳಿದಳು: "ಬಾವಿ ಆ ಪಕ್ಕ ಇತ್ತು. ನೀವು ಊರ್ ಪಕ್ಕ ಓಡುದ್ರಿ. ಅಪ್ಪ ಒಳಗವ್ರೆ ಅನ್ನೋದು ನೆಪ್ಪಿತ್ತಾ?"

ನೆನಪಿರಲಿಲ್ಲ. ಮಾವನನ್ನು ಉಳಿಸಲು ಬಾವಿಯತ್ತಲೇ ಓಡುವಂಥವರು ಅಲ್ಲಿ ಎಷ್ಟೋ ಜನರಿದ್ದರು. ಆ ಬಂಡೆ ನನಗೇ ಏಕೆ ಹೇಳಿತೋ, ಇವತ್ತಿಗೂ ತಿಳಿದಿಲ್ಲ.