ಪಟ್ಟಿ ಮೊದಲು, ಪೆಟ್ಟು ಆಮೇಲೆ

ಬೆಳಕು ಹರಿಯುವ ಹೊತ್ತು. ಟಾಕೀಸಿನ ಮಹಡಿಯ ಕೋಣೆಯಲ್ಲಿ ಅಂಟಕ್ಕ ತುಂಡಾದ ಫಿಲ್ಮಿನ ತುದಿಗಳನ್ನು ಬ್ಲೇಡಿನಿಂದ ಕೆರೆದು, ಅಂಟು ಸವರಿ, ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದಾರೆ. “ಅಂಟು ಜಾಸ್ತಿಯಾದ್ರೆ ತೆರೆ ಮೇಲೆ ಚಿತ್ರ ಎಗರುತ್ತೆ,” ಎನ್ನುತ್ತಾರೆ. ಕೆಲಸ ನೋಡಲು ಬಂದು ಉಸಿರು ಬಿಗಿಹಿಡಿದು ಕೂತವನು ಮಾತ್ರ ನಾನು. ಪಕ್ಕದಲ್ಲಿ ಪ್ರೊಜೆಕ್ಟರ್ ಒರೆಸುತ್ತಿರುವ ಆಪರೇಟರೇ ಅವರ ಮನೆ ಯಜಮಾನರು.

ಮೇಜಿನ ಮೇಲಿರುವುದು ಈ ಊರಾಚೆ ಯಾರೂ ಕೇಳರಿಯದ ಹಳೆಯ ನಗೆಚಿತ್ರ. ಒಂದು ಹೋಟೆಲ್ಲು, ಅಲ್ಲಿ ತಂಗಲು ಬಂದವರು, ಅದಲುಬದಲಾದ ಕೋಣೆಗಳು, ಅಷ್ಟೇ. ಭಾನುವಾರ ಅದನ್ನು ಹಾಕಿದರೆ ಜನ ಮುಗಿಬೀಳುತ್ತಾರೆ. ಯಾಕಪ್ಪಾ ಎಂದು ನಾನೂ ಹೋಗಿ ನೋಡಿದೆ. ತಲೆಬುಡ ತಿಳಿಯಲಿಲ್ಲ. ಮ್ಯಾನೇಜರನ ತಲೆಗೆ ಪಟ್ಟಿ ಸುತ್ತಿದೆ, ಏಕೆಂದು ಗೊತ್ತಿಲ್ಲ. ಮಾಣಿ ಬಂದು, “ನೋವು ಕಡಿಮೆ ಆಯ್ತಾ, ಸ್ವಾಮಿ?” ಎನ್ನುತ್ತಾನೆ. ಯಾವ ನೋವೋ, ಏನು ಕಥೆಯೋ! ಆ ಮಾತಿಗೇ ಟಾಕೀಸೆಲ್ಲ ಗೊಳ್ಳೆನ್ನುತ್ತದೆ. ಎಷ್ಟೋ ಹೊತ್ತಾದ ಮೇಲೆ ಅತಿಥಿಯೊಬ್ಬರ ಕೊಡೆಯಿಂದ ಮ್ಯಾನೇಜರನ ತಲೆಗೆ ಪೆಟ್ಟು ಬೀಳುತ್ತದೆ. ಎಲ್ಲರ ಜೊತೆ ನಾನೂ ಬಿದ್ದು ಬಿದ್ದು ನಕ್ಕೆ. ಯಾಕೆ ನಕ್ಕೆನೆಂದು ಈಗಲೂ ಗೊತ್ತಿಲ್ಲ.

ಎಡವಟ್ಟಾದದ್ದು ಫಿಲ್ಮಿನ ಸುರುಳಿ ಇಡುವ ಡಬ್ಬಿಗಳಲ್ಲಿ. ಹಿಂದಿನ ಆಪರೇಟರ್ ಒಂದರ ಮೇಲೆ ‘ಪೆಟ್ಟು’, ಇನ್ನೊಂದರ ಮೇಲೆ ‘ಪಟ್ಟಿ’ ಎಂದು ಗೀಚಿದ್ದರಂತೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಂಟಕ್ಕ ಆ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರದಲ್ಲಿ ಅದನ್ನು ಇದೆಂದು, ಇದನ್ನು ಅದೆಂದು ಓದಿಕೊಂಡರು. ಪಟ್ಟಿಯ ಸುರುಳಿ ಮೊದಲು ಓಡಿತು, ಪೆಟ್ಟಿನದು ಆಮೇಲೆ. ಯಜಮಾನರು ಬೈದು ಮುಂದಿನ ವಾರ ಸರಿಮಾಡಿದರೆ, ಮಾಣಿಯ ಮಾತಿಗೆ ಒಬ್ಬರೂ ನಗಲಿಲ್ಲ. ಅಲ್ಲಿಂದ ತಪ್ಪೇ ಖಾಯಂ ಆಯಿತು.

ಆ ಮಾಣಿ ಅಂಟಕ್ಕನ ತೀರಿಹೋದ ಅಪ್ಪ. ತೆರೆಯ ಮೇಲೆ ಅವರು ಆಡಿದ್ದು ಅದೊಂದೇ ಮಾತು.

ಸುರುಳಿ ಈಗ ಸವೆದುಹೋಗಿದೆ. ಹಳೆಯ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವವರೊಬ್ಬರು ಇವತ್ತು ಬಂದಿದ್ದಾರೆ. ಇನ್ನು ಮುಂದೆ ಎಲ್ಲೆಡೆ ತೋರಿಸುವುದು ಆ ಪ್ರತಿಯನ್ನೇ. ಯಾವುದು ಮೊದಲು ಹೇಳಿ ಎಂದು ಕಾಯುತ್ತಿದ್ದಾರೆ. ನಾಲ್ಕು ಜನರ ಮುಂದೆ ಮಾನ ಹೋಗಬಾರದು, ಸರಿಯಾಗಿಯೇ ಇರಲಿ ಎಂಬುದು ಯಜಮಾನರ ಹಟ. ನನ್ನನ್ನು ಕೇಳಿದರೆ? ಯಾವುದು ಸರಿ ಎಂಬುದೇ ನನಗೆ ಗೋಜಲಾಗಿದೆ.

ಅಂಟಕ್ಕ ಡಬ್ಬಿಗಳನ್ನು ಒಮ್ಮೆ ಹಾಗೆ, ಒಮ್ಮೆ ಹೀಗೆ ಇಟ್ಟು ನೋಡುತ್ತಾರೆ. ಕಣ್ಣು ತುಂಬಿದೆ. “ಸರಿಮಾಡಿದ್ರೆ ನಮ್ಮಪ್ಪನ ಮಾತಿಗೆ ಯಾರೂ ನಗಲ್ಲ,” ಎನ್ನುತ್ತಾ ಪಟ್ಟಿಯ ಡಬ್ಬಿಯನ್ನೇ ಮೊದಲು ಮುಂದಕ್ಕೆ ತಳ್ಳುತ್ತಾರೆ.

ನೋಡಿದವರು ತಪ್ಪು ಹುಡುಕುತ್ತಾರಲ್ಲ ಎಂದು ಬಂದವರು ತಲೆ ಕೆರೆದುಕೊಳ್ಳುತ್ತಾರೆ.

“ಹುಡುಕ್ಲಿ ಬಿಡಿ. ಶುರುವಲ್ಲಿ ಎಲ್ಲರ ಹೆಸರೂ ಬರುತ್ತಲ್ಲ, ಅಲ್ಲೇ ಒಂದು ಸಾಲು ಹಾಕಿ. ತಪ್ಪು: ಮಾಣಿಯ ಮಗಳದ್ದು.”