ಬಿಡಾರದ ಸಾಮಾನಿಗೊಂದು ವಿಮೆ

ಪುಂಜಾಲಕಟ್ಟೆಯಲ್ಲಿ ಇನ್ನೂ ಪೂರ್ತಿ ಬೆಳಗಾಗಿಲ್ಲ. ಕಕ್ಕಿಂಜೆಯ ಬಯಲಾಟ ಮುಗಿಸಿ ಮೊದಲ ಬಸ್ಸಿನಿಂದ ಇಳಿದ ರುಕ್ಮಯ್ಯ, ಗ್ಯಾಸ್‌ಲೈಟುಗಳನ್ನು ತೂಗುಹಾಕಿದ ಬಿದಿರಿನ ಗಳುವನ್ನು ಹೆಗಲಿಗೇರಿಸಿ ಓಡುನಡಿಗೆಯಲ್ಲಿ ಬರುತ್ತಾರೆ. ತಿರುವಿನಲ್ಲಿ ನಿಂತು ಮೊದಲು ನೋಡುವುದು ತಮ್ಮ ಬಾಡಿಗೆ ಬಿಡಾರದ ಮಾಡನ್ನು. ಹೆಂಚುಗಳು ಹಾಗೆಯೇ ಇವೆ. ಆಮೇಲಷ್ಟೇ ಕಾಲು ನಿಧಾನವಾಗುತ್ತದೆ.

ಜಗಲಿಯಲ್ಲಿ ಕುಳಿತು ಗಾಜಿನ ಮಸಿ ಒರೆಸುತ್ತಾರೆ, ಉದುರಿದ ಮ್ಯಾಂಟಲ್ ಬಲೆ ಬದಲಿಸುತ್ತಾರೆ. ಮದುವೆ, ಭೂತಕೋಲ, ಆಟ ಎಂದು ಅಳದಂಗಡಿಯಿಂದ ಮೂಡಬಿದ್ರೆಯವರೆಗೆ ಬೆಳಕು ಬೇಕಾದಲ್ಲೆಲ್ಲ ಇವರಿಗೆ ಕರೆ. ರಾತ್ರಿಯಿಡೀ ದೀಪಕ್ಕೆ ಗಾಳಿ ಹಾಕುತ್ತ ರಂಗದ ಬದಿಯಲ್ಲೇ ಇರುತ್ತಾರೆ. ಆಟ ಮಾತ್ರ ನೋಡುವುದಿಲ್ಲ.

"ಎಲ್ಲರೂ ವೇಷ ನೋಡ್ತಾರೆ, ನಾನು ಮನೆಯ ದಿಕ್ಕು ನೋಡ್ತೇನೆ. ದೀಪದ ಬುಡದಲ್ಲಿ ನಿಂತವನಿಗೆ ದೂರದ ಬೆಂಕಿ ಎಲ್ಲಿ ಕಾಣ್ತದೆ?"

ಈ ಹೆದರಿಕೆ ಕಳೆದ ಬೇಸಗೆಯದು. ಒಂದೇ ಮಾಡಿನ ಕೆಳಗಿನ ಸಾಲುಕೋಣೆಗಳಲ್ಲಿ ಕೊನೆಯದು ಬೀಡಿ ಕಟ್ಟುವ ಸೈನಬರದು. ಒಲೆಯ ಕಿಡಿ ಒಣಎಲೆಗೆ ಹಾರಿತು. ಸೈನಬ ಹೊರಗೋಡಿ ಬದುಕಿದರು. ಪೆಟ್ಟಿಗೆ, ಪಾತ್ರೆ, ಹಾಸಿಗೆ ಒಂದೂ ಉಳಿಯಲಿಲ್ಲ. ಆದರೂ ಸಾಲಿನವರು ಹೆಚ್ಚು ಕಂಗೆಡಲಿಲ್ಲ. ಧಣಿ ಪದ್ಮಯ್ಯನವರು ಕಟ್ಟಡಕ್ಕೆ ವಿಮೆ ಮಾಡಿಸಿದ್ದು ಎಲ್ಲರಿಗೂ ಗೊತ್ತಿತ್ತು. ಒಕ್ಕಲಿನ ಕಷ್ಟಸುಖವೆಲ್ಲ ಧಣಿಯದೇ ಎಂದು ನಂಬಿ ಬೆಳೆದವರು, ಧಣಿಯ ವಿಮೆಯೂ ತಮ್ಮದೇ ಎಂದುಕೊಂಡಿದ್ದರು. ಮಾಡು ಹೊಸದಾಯಿತು. ಸೈನಬರ ಒಂದು ಸೌಟೂ ಮರಳಲಿಲ್ಲ. ಕಂಪೆನಿ ಕೊಡುವುದು ಗೋಡೆಗೆ, ಗೋಡೆಯೊಳಗಿನದಕ್ಕಲ್ಲ ಎಂದು ಪದ್ಮಯ್ಯನವರೇ ಬೇಸರದಿಂದ ಹೇಳಿ, ಒಂದು ಮುಡಿ ಅಕ್ಕಿ ಕೊಟ್ಟರು. ಸೈನಬ ಬಂಟ್ವಾಳದ ತಂಗಿಯ ಮನೆ ಸೇರಿದರು.

ಅಂದಿನಿಂದ ರುಕ್ಮಯ್ಯನವರಿಗೆ ಕೂತಲ್ಲಿ ಕೂರಲಾಗದು. ದೀಪಗಳ ಸೀಮೆಎಣ್ಣೆಯ ಡಬ್ಬಿಗಳು ಇದ್ದದ್ದು ಅವರ ಕೋಣೆಯಲ್ಲೇ. ಕೊನೆಗೆ ವಿಮಾ ಏಜೆಂಟ್ ಸುಕುಮಾರರನ್ನು ಕರೆತಂದರು. ಬಾಡಿಗೆಯವರೂ ತಮ್ಮ ಸಾಮಾನಿಗೆ ಬೇರೆಯೇ ವಿಮೆ ಮಾಡಿಸಬಹುದು, ಆದರೆ ಕೋಣೆಯೊಳಗಿದ್ದಾಗ ಸುಟ್ಟರೆ ಮಾತ್ರ ಪರಿಹಾರ ಎಂದರು ಅವರು. ಏನೇನು ಬರೆಯಲಿ ಎಂದಾಗ ರುಕ್ಮಯ್ಯ ದೀಪಗಳನ್ನಷ್ಟೇ ಹೇಳಿದರು. ಹೊಸ್ತಿಲಲ್ಲಿದ್ದ ಹೆಂಡತಿ ದಮಯಂತಿ ಸುಮ್ಮನಿರಲಿಲ್ಲ.

"ನಿಮ್ಮ ದೀಪ ರಾತ್ರಿಯೆಲ್ಲ ಊರೂರು ತಿರುಗ್ತದೆ ಮಾರಾಯ್ರೆ. ಕೋಣೆಯಲ್ಲಿ ಇರುವುದು ನನ್ನ ಪೆಟ್ಟಿಗೆ, ಪಾತ್ರೆ, ಮಕ್ಕಳ ಹಾಸಿಗೆ. ಅದು ಲೆಕ್ಕಕ್ಕಿಲ್ಲವಾ? ನಾನೇನು ಬಾಡಿಗೆಗೆ ಬಂದವಳಾ?"

ಸುಕುಮಾರ ನಕ್ಕುಬಿಟ್ಟರು. ರುಕ್ಮಯ್ಯ ನಗಲಿಲ್ಲ. ಎರಡಕ್ಕೂ ಕಂತು ಕಟ್ಟುವ ಶಕ್ತಿ ಅವರಿಗಿಲ್ಲ. ಸ್ವಲ್ಪ ಹೊತ್ತು ಅಂಗಳದಲ್ಲಿ ಅತ್ತಿತ್ತ ತಿರುಗಾಡಿ ಬಂದು, ದೀಪ ಬಿಟ್ಟು ಮನೆಸಾಮಾನು ಬರೆಸಿದರು.

"ದೀಪದ ಹತ್ತಿರ ನಾನು ಉಂಟು. ಮನೆಯ ಹತ್ತಿರ ಇಲ್ಲ."

ಸೀಮೆಎಣ್ಣೆ ಅದೇ ಮಾಡಿನ ಕೆಳಗೆ ಇರಕೂಡದೆಂದು ಕಂಪೆನಿಯ ಷರತ್ತು. ಪದ್ಮಯ್ಯನವರು ಹಿತ್ತಿಲಲ್ಲಿ ಜಾಗ ಕೊಟ್ಟರು. ರುಕ್ಮಯ್ಯ ಮುರಕಲ್ಲು ಹೊತ್ತು ತಾವೇ ಡಬ್ಬಿಗಳಿಗೊಂದು ಗೂಡು ಕಟ್ಟಿದರು.

ಸಂಜೆ ಮತ್ತೆ ಮೂಡಬಿದ್ರೆಗೆ ಹೊರಡಬೇಕು. ಈಗ ನೆಮ್ಮದಿಯೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

"ಮನೆಯ ದಿಕ್ಕು ನೋಡುವುದು ಇನ್ನೂ ನಿಲ್ಲಲಿಲ್ಲ. ವರ್ಷ ವರ್ಷ ಕಂತು ಕಟ್ಟುವ. ಕಟ್ಟಿದ್ದರಲ್ಲಿ ಒಂದು ಕಾಸೂ ತಿರುಗಿ ಬಾರದೆ ಹಾಳಾಗಿ ಹೋಗಲಿ. ನನ್ನ ಆಸೆ ಇಷ್ಟೇ."